ಮಿಸ್ಸಿನ ಕುತ್ತಿಗೆಯ ಮೈಕು

ನಮ್ಮ ಜೀರಿಗೆ ತನ್ನ ಕಿವಿ ಮೆಷಿನ್ನುಗಳನ್ನು ಕಳಚಿ ಅಕ್ಕಿ ಡಬ್ಬದೊಳಗೆ ಹೂತಿಟ್ಟು ಶಾಲೆಗೆ ಹೋದದ್ದು ಒಂದು ಸೋಮವಾರ. ನನಗೆ ಗೊತ್ತಾದದ್ದು ಮಧ್ಯಾಹ್ನ, ಅನ್ನಕ್ಕಿಡಲು ಅಕ್ಕಿ ತೆಗೆಯುವಾಗ. ಲೋಟದೊಳಗೆ ಎರಡು ಕಂದು ಹುಳ ಕೂತ ಹಾಗೆ ಕಾಣಿಸಿತು. "ಅಯ್ಯಯ್ಯೋ!" ಅಂತ ಕಿರುಚಿ ಲೋಟ ಎತ್ತಿಹಾಕಿದೆ. ಅಡುಗೆಮನೆ ತುಂಬಾ ಅಕ್ಕಿ. ಬಗ್ಗಿ ನೋಡಿದರೆ ಹುಳವೂ ಅಲ್ಲ ಗಿಳವೂ ಅಲ್ಲ, ನನ್ನ ಮಗ ಸೊಸೆ ಹೊಟ್ಟೆ ಬಟ್ಟೆ ಕಟ್ಟಿ ತಂದ ಮೆಷಿನ್ನು.

ಜೀರಿಗೆ ನನ್ನ ಮೊಮ್ಮಗಳು. ಹುಟ್ಟಿದಾಗ ಅಷ್ಟೇ ಅಷ್ಟು ಇದ್ದಳು, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಈಗ ನಾಲ್ಕನೇ ಕ್ಲಾಸು. ಹುಟ್ಟಿನಿಂದ ಎರಡೂ ಕಿವಿ ಮಂದ. ಮೆಷಿನ್ ಹಾಕಿದರೆ ಮನೆಯ ಮಾತೆಲ್ಲ ಕೇಳಿಸುತ್ತೆ, ಇಲ್ಲದಿದ್ದರೆ ನಮ್ಮ ತುಟಿ ನೋಡಿ ಅರ್ಧ ಹಿಡೀತಾಳೆ. ಆದರೆ ಅಷ್ಟು ಮಕ್ಕಳು ಗಲಾಟೆ ಮಾಡೋ ಕ್ಲಾಸಿನಲ್ಲಿ ಮೆಷಿನ್ ಒಂದೇ ಸಾಲದು. ಅದಕ್ಕೆ ಒಂದು ಪುಟ್ಟ ಮೈಕು ಇದೆ. ಜೀರಿಗೆ ದಿನಾ ಬೆಳಿಗ್ಗೆ ಅದನ್ನು ಮಿಸ್ಸಿಗೆ ಕೊಡಬೇಕು, ಮಿಸ್ಸು ಕುತ್ತಿಗೆಗೆ ನೇತುಹಾಕಿಕೊಂಡು ಪಾಠ ಮಾಡಬೇಕು. ಅವರ ದನಿ ತಂತಿ ಗಿಂತಿ ಏನೂ ಇಲ್ಲದೆ ನೇರ ಇವಳ ಕಿವಿಗೆ ಬಂದು ಬೀಳುತ್ತೆ.

ಸಂಜೆ ಅವಳು ಬಂದ ತಕ್ಷಣ ಮೆಷಿನ್ ತೋರಿಸಿ, "ಏನೇ ಇದು?" ಅಂದೆ.

"ಕೆಟ್ಟಿದೆ ಅಜ್ಜಿ."

"ಕೆಟ್ಟಿದ್ದನ್ನ ಅಪ್ಪಂಗೆ ಕೊಡ್ತಾರಾ, ಅಕ್ಕಿ ಡಬ್ಬಕ್ಕೆ ಹಾಕ್ತಾರಾ?"

ಅವಳು ಬೇರೆ ಕಡೆ ಮುಖ ತಿರುಗಿಸಿದಳು. ತುಟಿ ನೋಡದಿದ್ದರೆ ನಾನು ಎಷ್ಟು ಕೂಗಿಕೊಂಡರೂ ಅವಳಿಗೆ ತಲುಪಲ್ಲ. ಅರ್ಧ ಆಯಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು, ಹಿಂದಿನ ಬಾಗಿಲಿನಿಂದ ಡ್ರೈವರನ ತನಕ ಕೇಳಿಸೋ ಗಂಟಲು ನನ್ನದು. ಆ ಗಂಟಲಿಗೆ ಈ ಚೋಟುದ್ದದ ಹುಡುಗಿ ಬಾಗಿಲು ಹಾಕಿಬಿಟ್ಟಳು.

ನನ್ನ ಮಗ ಲಿಫ್ಟ್ ರಿಪೇರಿಯವನು. ಮೆಷಿನ್ ಅಂದರೆ ಸಾಕು, ಊಟ ಮರೆತು ಕೂರ್ತಾನೆ. ಅವತ್ತು ಊಟದ ಮೇಜಿನ ಮೇಲೇ ಬಟ್ಟೆ ಹಾಸಿ ಎರಡನ್ನೂ ಬಿಚ್ಚಿದ.

"ಅಕ್ಕಿಲಿ ಇಟ್ಟಿದ್ದು ಒಳ್ಳೇದೇ ಆಯ್ತು ಬಿಡಮ್ಮ. ತೇವ ಇದ್ರೆ ಹೀರ್ಕೊಂಡಿರುತ್ತೆ."

"ತಟ್ಟೆ ಎಲ್ಲಿಡ್ಲಿ ರೀ, ನಿಮ್ಮ ತಲೆ ಮೇಲಾ?" ಅಂದಳು ಸೊಸೆ. ಅವಳು ಆಸ್ಪತ್ರೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋಳು. ಇಡೀ ದಿನ ಆವಿಯಲ್ಲಿ ನಿಂತು ಬಂದಿರುತ್ತಾಳೆ, ಸಂಜೆ ಹೊತ್ತಿಗೆ ಅವಳ ಮಾತಿಗೂ ಬಿಸಿ ಏರಿರುತ್ತೆ.

"ಬ್ಯಾಟರಿ ಸರಿಯಿದೆ. ಎಲ್ಲಾ ಸರಿಯಿದೆ. ಜೀರಿಗೆ, ಹಾಕ್ಕೊಂಡು ನೋಡು."

ಹಾಕಿಕೊಂಡಳು. "ಕೇಳಿಸ್ತಾ?" ಅಂದ. ತಟ್ಟೆ ನೋಡುತ್ತಾ ಅನ್ನ ಕಲಸಿದಳು. ಮತ್ತೆ ಕಳಚಿ ಮೇಜಿನ ಮೇಲಿಟ್ಟಳು.

ಆ ವಾರವೆಲ್ಲ ಇದೇ ಪಾಡು. ಕಿವಿ ಡಾಕ್ಟರ ಹತ್ತಿರ ಹೋದರೆ ಮೆಷಿನ್ ಚೆನ್ನಾಗಿದೆ, ಕಿವಿಯೂ ಮೊದಲು ಇದ್ದ ಹಾಗೇ ಇದೆ ಅಂದರು. ಹಾಗಾದರೆ ರೋಗ ಎಲ್ಲಿ? ಅಮ್ಮ ಎದುರಿಗೆ ಬಂದರೆ ಜೀರಿಗೆ ಎದ್ದು ಹೋಗ್ತಾಳೆ. ಅಮ್ಮ ಜಡೆ ಹಾಕಲು ಕೂತರೆ ಕಣ್ಣು ಮುಚ್ಚಿಕೊಳ್ತಾಳೆ. ಅಮ್ಮ ಮಾಡಿಕೊಟ್ಟ ಮೊಟ್ಟೆ ಮುಟ್ಟಲ್ಲ, ಅದನ್ನೇ ನಾನು ಬಿಸಿ ಮಾಡಿ ಕೊಟ್ಟರೆ ತಿಂತಾಳೆ. ಸೊಸೆ ಅದನ್ನು ನೋಡಿ ನನ್ನ ಮೇಲೆ ಹರಿಹಾಯ್ದಳು.

"ನೀವೇ ಮುದ್ದು ಮಾಡಿ ಕೆಡಿಸಿದ್ದು ಅತ್ತೆ."

"ನಾನೇನೇ ಮಾಡ್ದೆ? ಮಗು ಹಸ್ಕೊಂಡಿರ್ಲಿ ಅಂತೀಯಾ?"

ಅಷ್ಟರಲ್ಲಿ ಶಾಲೆಯಿಂದ ಫೋನ್ ಬಂತು. ಹೆಡ್ ಮಿಸ್ಸು. ಆ ಶಾಲೆ ಗೇಟಿನ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಇಲ್ಲಿ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿದೆ ಅಂತ. ಹತ್ತಾರು ಭಾಷೆಯ ಮಕ್ಕಳಿದ್ದಾರೆ, ಗಾಲಿ ಕುರ್ಚಿಯಲ್ಲಿ ಬರೋ ಒಂದು ಹುಡುಗಿ ಇದ್ದಾಳೆ. ಜೀರಿಗೆಗೆ ಅಲ್ಲಿ ಸೀಟು ಸಿಗಲಿ ಅಂತ ನಮ್ಮ ಸೊಸೆ ಹೊಸಿಲು ಸವೆಸಿದ್ದಳು. ಫೋನಿನಲ್ಲಿ ಹೆಡ್ ಮಿಸ್ಸು ಹೇಳಿದ್ದು ಇಷ್ಟೇ: ಮೆಷಿನ್ ಹಾಕದ ಮಗುವಿಗೆ ಪಾಠ ಮಾಡೋದು ನಮ್ಮಿಂದ ಆಗಲ್ಲ. ಪರೀಕ್ಷೆ ಶುರುವಾಗೋದರೊಳಗೆ ಅವಳು ಹಾಕಿಕೊಂಡು ಬರಬೇಕು. ಇಲ್ಲವಾದರೆ ಕಿವುಡು ಮಕ್ಕಳ ಶಾಲೆಗೆ ಸೇರಿಸಿ, ಅಲ್ಲೇ ಹಾಸ್ಟೆಲ್ಲೂ ಇದೆ.

ಸೊಸೆ ಫೋನ್ ಇಟ್ಟವಳು ಒಲೆ ಆರಿಸೋದನ್ನೂ ಮರೆತು ನಿಂತಳು. ಆ ಶಾಲೆ ಇರೋದು ಊರಾಚೆ, ಎರಡು ರೈಲು ಬದಲಾಯಿಸಬೇಕು. ಮಕ್ಕಳು ಮನೆಗೆ ಬರೋದು ರಜಕ್ಕೆ ಮಾತ್ರ.

"ರಜಕ್ಕೆ ನೆಂಟರ ಥರ ಬರೋಕೆ ಹೆತ್ತಿದ್ದಾ ನಾನು?" ಅಂದಳು. ಬೇಳೆ ತಳ ಹಿಡಿದು ಮನೆಯೆಲ್ಲ ಹೊಗೆ.

ಭಾನುವಾರ ಬೆಳಿಗ್ಗೆ ನನ್ನ ಮಗ ಒಂದು ಉಪಾಯ ಹೂಡಿದ. ಮೆಷಿನ್ ಸರಿಯಿದ್ದ ಮೇಲೆ ಕೆಟ್ಟಿರೋದು ಮೈಕೇ ಇರಬೇಕು ಅಂತ ಅವನ ಲೆಕ್ಕ. ಜೀರಿಗೆ ಮೇಲೆ ಟೆರೇಸಿನಲ್ಲಿ ಬಟ್ಟೆ ಒಣಗಿಸ್ತಿದ್ದಳು. ನಾನು ಬ್ರೆಡ್ಡು ಚಹಾ ಮುಗಿಸಿ ಏಳೋ ಹೊತ್ತಿಗೆ ಮೈಕನ್ನು ನನ್ನ ಕುತ್ತಿಗೆಗೆ ತೂಗುಹಾಕಿದ.

"ಅಮ್ಮ, ಕೆಳಗೆ ಅಂಗಡಿ ತನಕ ಹೋಗ್ಬಿಟ್ಟು ಬಾ. ದಾರಿಯುದ್ದಕ್ಕೂ ಮಾತಾಡ್ತಾ ಹೋಗು. ನಾನಿಲ್ಲಿ ಮೆಷಿನ್ ಕಿವಿಗೆ ಹಿಡ್ಕೊಂಡು ಕೇಳ್ತೀನಿ."

"ಏನಂತ ಮಾತಾಡ್ಲೋ?"

"ಅದನ್ನೂ ನಿಂಗೆ ಹೇಳ್ಕೊಡ್ಬೇಕಾ?"

ಮೆಟ್ಟಿಲಿಳಿಯುವಾಗ "ಹಲೋ, ಹಲೋ, ಮುಂದೆ ಹೋಗಿ, ಮುಂದೆ ಹೋಗಿ" ಅಂತ ಬಸ್ಸಿನ ಹಳೇ ರಾಗ ತೆಗೆದೆ. ರಸ್ತೆ ದಾಟಿ ಅಂಗಡಿ ಮುಟ್ಟಿದ ಮೇಲೆ ನೋಡಿ, ಮೈಕು ಕುತ್ತಿಗೆಯಲ್ಲಿದೆ ಅನ್ನೋದೇ ಮರೆತುಹೋಯಿತು. ಅಂಗಡಿಯಾಕೆ ಹಳೇ ಸ್ನೇಹಿತೆ. ಏನು ಸಮಾಚಾರ ಅಂದಳು. ಹೇಳಿದೆ. ಸೊಸೆ ಬೇಳೆ ಸುಟ್ಟ ಸಮಾಚಾರ, ಮಗ ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದರೂ ನಮ್ಮ ಬಚ್ಚಲ ನಲ್ಲಿ ತೊಟ್ಟಿಕ್ಕೋದು ನಿಲ್ಲಿಸದ ಸಮಾಚಾರ, ಅವನಿಗೆ ಅವರಪ್ಪನ ಸೋಮಾರಿತನವೇ ಬಂದಿದೆ ಅನ್ನೋದು, ಎಲ್ಲಾ ಹೇಳಿ ಈರುಳ್ಳಿ ಕೊಂಡು ಬಂದೆ.

ಬಾಗಿಲಲ್ಲೇ ಮಗ ನಿಂತಿದ್ದ. ಮೆಷಿನ್ ಇನ್ನೂ ಕಿವಿಗೆ ಒತ್ತಿಕೊಂಡಿದ್ದ.

"ಅಪ್ಪನ ಸೋಮಾರಿತನವಾ?"

"ಅಲ್ಲಿಂದ ಇಲ್ಲಿಗೆ ಕೇಳಿಸ್ತಾ?"

"ಪಕ್ಕದಲ್ಲಿ ಕೂತು ಹೇಳ್ದಂಗೆ ಕೇಳಿಸ್ತು. ಗೋಡೆ, ರಸ್ತೆ, ಎಲ್ಲಾ ದಾಟ್ಕೊಂಡು! ನಲ್ಲಿ ವಿಷಯ, ಬೇಳೆ ವಿಷಯ..."

"ಹೇಳ್ದೆ, ಏನೀಗ? ನಲ್ಲಿ ತೊಟ್ಟಿಕ್ತಿಲ್ವಾ?" ಅಂದೆ. ಸಿಕ್ಕಿಬಿದ್ದ ಮೇಲೆ ದನಿ ತಗ್ಗಿಸಿದರೆ ಕೆಟ್ಟೆವು. ಮಗ ನಗೋಕೆ ಶುರುಮಾಡಿದ, ನಾನೂ ನಕ್ಕೆ. ಬೇಳೆ ವಿಷಯಕ್ಕೆ ಸೊಸೆ ಈಗ ರೇಗ್ತಾಳೆ ಅಂತ ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಆಫ್ ಮಾಡದಿದ್ರೆ ಹೊರಗಿದ್ದೋರಿಗೂ ಕೇಳ್ಸುತ್ತಾ ರೀ?"

"ಮತ್ತೆ? ಈಗ ನೋಡ್ಲಿಲ್ವಾ?"

"ಅವತ್ತು ಶನಿವಾರ ಮಿಸ್ ಕುತ್ತಿಗೇಲಿ ಇದಿತ್ತು," ಅಂದಳು. "ಅಯ್ಯೋ ದೇವರೇ. ಇದಿತ್ತು ರೀ."

ಮೆಷಿನ್ ಅಕ್ಕಿ ಡಬ್ಬ ಸೇರೋ ಎರಡು ದಿನದ ಹಿಂದೆ, ಶನಿವಾರ, ಕ್ಲಾಸ್ ಮಿಸ್ಸು ಸೊಸೆಯನ್ನು ಕರೆಸಿದ್ದರು. ಅದು ನಮಗೂ ಗೊತ್ತಿತ್ತು. ದೊಡ್ಡವರು ಮಾತಾಡಬೇಕು, ನೀನು ಹೊರಗೆ ಆಡ್ಕೋ ಅಂತ ಜೀರಿಗೆಯನ್ನು ಆಟದ ಮೈದಾನಕ್ಕೆ ಕಳಿಸಿದ್ದರಂತೆ. ಒಳಗೆ ಮಿಸ್ಸು ತಮ್ಮ ಗೋಳು ತೋಡಿಕೊಂಡಿದ್ದಾರೆ: ಇವಳೊಬ್ಬಳಿಗೋಸ್ಕರ ಎಲ್ಲಾ ಎರಡೆರಡು ಸಲ ಹೇಳಬೇಕು, ಬೇರೆ ಮಕ್ಕಳ ಅಪ್ಪ ಅಮ್ಮ ಗೊಣಗ್ತಾರೆ ಅಂತ. ಸೊಸೆಗೆ ಭಯ, ಮಿಸ್ಸಿಗೆ ಬೇಜಾರಾದರೆ ಸೀಟು ಹೋಗುತ್ತೆ ಅಂತ. ಅವರ ಮನಸ್ಸು ಗೆಲ್ಲೋಕೆ ಹೋಗಿದ್ದಾಳೆ.

"ಏನಂದೆ?" ಮಗ ಕೇಳಿದ.

ಅವಳು ಮೊದಲು ಮುಂಬಾಗಿಲು ಮುಚ್ಚಿದಳು.

"ಏನಂದೆ ಹೇಳೇ!"

"ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ಮಿಸ್, ನಂಗೂ ಸಾಕಾಗಿದೆ ಅಂದೆ. ಇನ್ನೊಂದು ಮಗು ಆಗಿ ಅದೂ ಇವಳ ಥರಾನೇ ಆಗ್ಬಿಟ್ರೆ ಅಂತ ಹೆದ್ರಿ, ಬೇಡ ಅಂತ ಬಿಟ್ಟೆ ಅಂದೆ."

ನನ್ನ ಕೈಯಿಂದ ಈರುಳ್ಳಿ ಚೀಲ ಜಾರಿತು. ಹೆಕ್ಕೋಕೆ ಯಾರೂ ಬಗ್ಗಲಿಲ್ಲ. ಮಗ ಮೆಷಿನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಬೆನ್ನು ನೋವು ಅಂದಿದ್ದೆ ನನ್ನ ಹತ್ರ," ಅಂದ. "ಡಾಕ್ಟರೇ ಬೇಡ ಅಂದ್ರು, ಬೆನ್ನು ತಡೆಯಲ್ಲ ಅಂದ್ರು ಅಂತ ಹೇಳಿದ್ದೆ. ನಾನು ನಂಬ್ಕೊಂಡು ಕೂತಿದ್ದೆ."

"ನಿಮಗೆ ಹೇಗೆ ಹೇಳ್ಲಿ ರೀ?"

"ಮಿಸ್ಸಿಗೆ ಹೇಳೋಕೆ ಬಂತಲ್ಲ!"

ಅವಳು ನೇರ ಟೆರೇಸಿಗೆ ಹೊರಟಳು. ಒಬ್ಬಳೇ ಬಿಡೋಕೆ ಧೈರ್ಯ ಬಾರದೆ ಮಂಡಿ ನೋವಿನಲ್ಲೂ ಹಿಂದೆಯೇ ಹತ್ತಿದೆ. ಜೀರಿಗೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಅಪ್ಪನ ಅಂಗಿ ತಂತಿಗೆ ಸಿಕ್ಕಿಸ್ತಿದ್ದಳು. ಸೊಸೆ ಅವಳ ಮುಂದೆ ಮಂಡಿಯೂರಿ ಎರಡೂ ಕೈಯಲ್ಲಿ ಅವಳ ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಶನಿವಾರ ನಾನು ಮಿಸ್ ಹತ್ರ ಆಡಿದ ಮಾತು ಕೇಳಿಸ್ತಾ ನಿಂಗೆ?"

ಜೀರಿಗೆ ಕ್ಲಿಪ್ಪು ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ಆ ಮಾತನ್ನು ಹೇಳಿದಳು. ಒಂದಕ್ಷರ ಬಿಡದೆ, ಅಮ್ಮನದೇ ಏರಿಳಿತದಲ್ಲಿ. ಅವಳ ಬಾಯಲ್ಲಿ ಕೆಲವು ಅಕ್ಷರ ತೊದಲುತ್ತವೆ, ಆವತ್ತು ಎಲ್ಲವೂ ಸ್ಪಷ್ಟವಾಗಿ ಬಂದವು.

"ನಿಜಾನಾ ಅಮ್ಮ?"

ಸುಳ್ಳು ಅನ್ನೇ, ಸುಮ್ಮನೆ ಮಿಸ್ಸಿಗೆ ಹೇಳ್ದೆ ಅನ್ನೇ ಅಂತ ನಾನು ಹಿಂದಿನಿಂದ ಕಣ್ಣಲ್ಲೇ ಗೋಗರೆದೆ. ಸೊಸೆ ನನ್ನ ಕಡೆ ನೋಡಲೇ ಇಲ್ಲ.

"ನಿಜ. ನಿನ್ನ ಹೊತ್ಕೊಂಡು ಆಸ್ಪತ್ರೆ ಆಸ್ಪತ್ರೆ ಅಲೀತಿದ್ದಾಗ ತುಂಬಾ ಹೆದ್ರಿದ್ದೆ. ಇನ್ನೊಂದು ಸಲ ಅಷ್ಟೆಲ್ಲ ನನ್ ಕೈಲಿ ಆಗಲ್ಲ ಅನ್ನಿಸ್ತು. ಆದ್ರೆ ನಿನ್ನ ಬೇಡ ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ ಪುಟ್ಟಾ. ಒಂದು ದಿನಾನೂ."

ಜೀರಿಗೆ ಅವಳ ತುಟಿಯನ್ನೇ ನೋಡ್ತಾ ನಿಂತಳು. ಎಷ್ಟು ಹಿಡಿದಳೋ.

"ನಂಗೆ ತಂಗಿ ಬೇಕಿತ್ತು," ಅಂದಳು. ಬುಟ್ಟಿ ಎತ್ತಿಕೊಂಡು ಕೆಳಗಿಳಿದು ಹೋದಳು.

ಆಮೇಲಿನ ದಿನಗಳು ಯಾರಿಗೂ ಬೇಡ. ಮಗ ನಡುಮನೆಯ ಬೆಂಚಿನ ಮೇಲೆ ಮಲಗಿದ. ಬಚ್ಚಲ ನಲ್ಲಿ ಮಾತ್ರ ರಿಪೇರಿ ಆಯಿತು, ಮಾತಾಡೋಕೆ ಆಗದವನು ಸ್ಪ್ಯಾನರ್ ಹಿಡಿದುಕೊಂಡು ಅದರ ಮೇಲೆ ಸೇಡು ತೀರಿಸಿಕೊಂಡ. ಸೊಸೆ ಅನ್ನ ಬಡಿಸ್ತಾಳೆ, ಅವನು ತಿಂತಾನೆ, ಉಪ್ಪು ಬೇಕಾದರೂ ನನ್ನನ್ನೇ ಕೇಳ್ತಾನೆ.

"ಅಮ್ಮ, ಉಪ್ಪು ಕೊಡೋಕೆ ಹೇಳು."

"ನಿನ್ನ ಪಕ್ಕದಲ್ಲೇ ಇದೆಯಲ್ಲೋ! ನಾನೇನು ನಿಮ್ಮಿಬ್ಬರ ಮಧ್ಯದ ಮೈಕಾ?" ಅಂತ ರೇಗಿದೆ. ರೇಗಿದ್ದಕ್ಕೆ ಒಂದಿಷ್ಟು ಫಲ ಸಿಕ್ಕಿತು. ಮಗ ತಟ್ಟೆ ತಳ್ಳಿ ಹೆಂಡತಿ ಕಡೆ ತಿರುಗಿದ.

"ಹೇಳಿದ್ರೆ ನಾನು ಬೈತಿದ್ನಾ?"

"ಬೈತಿರ್ಲಿಲ್ಲ. ಅಳ್ತಿದ್ರಿ," ಅಂದಳು ಅವಳು. "ನಿಮ್ಮ ಅಳುನೂ ನಾನೇ ಸಂಭಾಳಿಸ್ಬೇಕಿತ್ತು. ನನ್ನ ಹತ್ರ ಶಕ್ತಿ ಇರ್ಲಿಲ್ಲ ರೀ."

ಅವನಿಗೆ ಕಣ್ಣು ತುಂಬಿ ಬಂತು. ಅವಳು ಹೇಳಿದ್ದು ಸುಳ್ಳಲ್ಲ. ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ತಿಂದುಕೊಂಡು, ಇಷ್ಟು ವರ್ಷ ಇಂಥದ್ದೊಂದು ಒಳಗಿಟ್ಟುಕೊಂಡಿದ್ದಳಲ್ಲ!

"ನಿಮ್ಮ ಜಗಳ ಆಮೇಲೆ ಮುಗಿಸ್ಕೊಳ್ಳಿ," ಅಂದೆ. "ಪರೀಕ್ಷೆ ಹತ್ರ ಬಂತು. ಮಗೂನ ಹಾಸ್ಟೆಲ್ಲಿಗೆ ಕಳಿಸ್ತೀರಾ?"

ಆಗ ಮೂಲೆಯಲ್ಲಿ ತಿನ್ನುತ್ತಾ ನಮ್ಮ ತುಟಿಗಳನ್ನೇ ನೋಡ್ತಿದ್ದ ಜೀರಿಗೆ ಕೈ ತೊಳೆದು ಬಂದಳು. ಮೇಜಿನ ಮೇಲಿದ್ದ ಮೆಷಿನ್ನು ತೆಗೆದು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು.

"ಶಾಲೇಲಿ ನನ್ ವಿಷಯ ಮಾತಾಡುವಾಗ ನಾನೂ ಇರ್ತೀನಿ," ಅಂದಳು. "ಹೊರಗೆ ಕಳಿಸ್ಬಾರ್ದು. ಹಂಗಾದ್ರೆ ದಿನಾ ಹಾಕ್ಕೋತೀನಿ."

"ಆಯ್ತು," ಅಂದಳು ಸೊಸೆ.

"ಏನೇ ಮಾತಾಡಿದ್ರೂ."

"ಏನೇ ಮಾತಾಡಿದ್ರೂ ಪುಟ್ಟಾ."

ಮುಂದಿನ ಸೋಮವಾರ ನಾವು ನಾಲ್ಕೂ ಜನ ಹೆಡ್ ಮಿಸ್ಸಿನ ರೂಮಿಗೆ ಹೋದೆವು. ಸೊಸೆ ಕೆಲಸಕ್ಕೆ ರಜ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಕ್ಲಾಸ್ ಮಿಸ್ಸೂ ಅಲ್ಲೇ ಇದ್ದರು. ಚಿಕ್ಕ ವಯಸ್ಸಿನ ಹುಡುಗಿ, ನಿದ್ದೆಗೆಟ್ಟ ಕಣ್ಣು. ಜೀರಿಗೆ ಮೈಕು ತೆಗೆದು ಮೇಜಿನ ಮೇಲಿಟ್ಟಳು.

"ಮಗು ಹೊರಗೆ ಕೂತಿರ್ಲಿ," ಅಂದರು ಹೆಡ್ ಮಿಸ್ಸು.

"ಬೇಡ ಮೇಡಂ. ಇಲ್ಲೇ ಇರ್ತಾಳೆ. ಹೋದ ಸಲ ಹೊರಗೆ ಕಳಿಸಿದ್ದಕ್ಕೇ ಇಷ್ಟೆಲ್ಲ ಆಗಿದ್ದು," ಅಂದಳು ಸೊಸೆ. ಮೈಕು ಆಫ್ ಆಗದೆ ಇದ್ದದ್ದು, ತಾನು ಆಡಿದ್ದು, ಮಗಳು ಕೇಳಿದ್ದು, ಎಲ್ಲಾ ಇದ್ದದ್ದು ಇದ್ದ ಹಾಗೆ ಹೇಳಿದಳು.

ಹೆಡ್ ಮಿಸ್ಸು ಹೂಂಗುಟ್ಟುತ್ತಾ ಕೇಳ್ತಿದ್ದರು. ಕ್ಲಾಸ್ ಮಿಸ್ಸಿನ ಮುಖ ಮಾತ್ರ ಬರಬರುತ್ತಾ ಬಿಳಿಚಿಕೊಂಡಿತು.

"ನಾನು ಅದನ್ನ ಸಂಜೆ ತನಕ ತೆಗೆಯೋದೇ ಇಲ್ಲ," ಅಂದರು. "ಊಟದ ಬಿಡುವಲ್ಲಿ ಸ್ಟಾಫ್ ರೂಮಲ್ಲೂ... ಅಲ್ಲಿ ಮಾತಾಡೋದೂ ಕೇಳ್ಸುತ್ತಾ ನಿಂಗೆ?"

ಜೀರಿಗೆ ಹೂಂ ಅಂತ ತಲೆಯಾಡಿಸಿದಳು.

"ಏನು ಕೇಳಿಸ್ಕೊಂಡೆ?" ಹೆಡ್ ಮಿಸ್ಸು ಮುಂದಕ್ಕೆ ಬಾಗಿದರು.

ಮಗು ಅಮ್ಮನ ಕಡೆ ನೋಡಿತು. ಅಮ್ಮ ಹೇಳು ಅಂದಳು.

"ಹೆಡ್ ಮಿಸ್ ಕೂದ್ಲು ಅವರದಲ್ಲ ಅಂತ."

ಹೆಡ್ ಮಿಸ್ಸಿನ ಕೈ ತಾನಾಗಿಯೇ ತಲೆಗೆ ಹೋಯಿತು. ನನಗೆ ನಗು ಒತ್ತರಿಸಿಕೊಂಡು ಬಂದು ಸೆರಗು ಬಾಯಿಗಿಟ್ಟೆ. ಆದರೆ ಜೀರಿಗೆ ಅಷ್ಟಕ್ಕೇ ನಿಲ್ಲಲಿಲ್ಲ.

"ಗಾಲಿ ಕುರ್ಚಿ ಹುಡುಗಿ ಕ್ಲಾಸನ್ನ ಮುಂದಿನ ವರ್ಷ ಮೇಲಿನ ಮಹಡಿಗೆ ಹಾಕ್ತಾರೆ ಅಂತ. ಹೆಡ್ ಮಿಸ್ ಹಂಗೆ ಹೇಳಿದಾರೆ ಅಂತ. ಮೆಟ್ಟಿಲು ಹತ್ತೋಕಾಗಲ್ಲ ಅಲ್ವಾ, ಅವರೇ ಬಿಟ್ಟು ಹೋಗ್ತಾರೆ, ನಾವು ಹೋಗಿ ಅನ್ನೋದು ಬೇಡ ಅಂತ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು ನನಗೆ. ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿದೆ ಅಂತ ಬರೆದ ಗೇಟಿನ ಒಳಗೆ ಕೂತು ಇವರು ಮಾಡೋ ಯೋಚನೆ ಇದಾ? ಒಂದು ಮಗುವನ್ನು ಓಡಿಸೋಕೆ ಮೆಟ್ಟಿಲು ಸಾಕು ಅಂತ ಕಂಡುಕೊಂಡಿದ್ದಾರಲ್ಲ!

"ಆ ಮಗು ಅಪ್ಪ ಅಮ್ಮಂಗೆ ಇದು ಗೊತ್ತಾ ಮೇಡಂ?" ಅಂದ ನನ್ನ ಮಗ. ಅವನು ಅಷ್ಟು ಮೆಲ್ಲಗೆ ಮಾತಾಡಿದರೆ ಸಿಟ್ಟು ನೆತ್ತಿಗೇರಿದೆ ಅಂತ ಅರ್ಥ. "ಇವತ್ತು ಸಂಜೆ ಹೊತ್ತಿಗೆ ಗೊತ್ತಾಗುತ್ತೆ."

"ಅದು ಇನ್ನೂ ತೀರ್ಮಾನ ಆಗಿಲ್ಲ," ಅಂದರು ಹೆಡ್ ಮಿಸ್ಸು. ಮುಖ ಕೆಂಡವಾಗಿತ್ತು. "ನೋಡಿ, ನಿಮ್ಮ ಮಗಳನ್ನ ನಾನು ಕಳಿಸಲ್ಲ, ಇಲ್ಲೇ ಓದ್ಲಿ. ಆದ್ರೆ ಇವತ್ತಿಂದ ನನ್ನ ಟೀಚರ್‌ಗಳು ಯಾರೂ ಆ ಮೈಕು ಹಾಕೋದಿಲ್ಲ. ಇದೇನು ಶಾಲೆಯಾ, ಪೊಲೀಸ್ ಸ್ಟೇಷನ್ನಾ?"

ನಾವು ಕಕ್ಕಾಬಿಕ್ಕಿಯಾದೆವು. ನಿನ್ನೆ ತನಕ ಮೆಷಿನ್ ಇಲ್ಲದಿದ್ದರೆ ಹೊರಗೆ ನಡಿ ಅಂದವರು, ಇವತ್ತು ಕೂರಿಸ್ತೀವಿ ಆದರೆ ಕೇಳಿಸಲ್ಲ ಅಂತಿದ್ದಾರೆ.

"ಮೈಕಿಲ್ದೆ ಅವಳು ಕ್ಲಾಸಲ್ಲಿ ಗೋಡೆ ನೋಡ್ಕೊಂಡು ಕೂರ್ಬೇಕಾ?" ಅಂತ ಸೊಸೆ ಎದ್ದು ನಿಂತಳು. "ಅದಕ್ಕೊಂದು ಸ್ವಿಚ್ಚಿದೆ ಮೇಡಂ. ಪಾಠ ಮುಗಿದ ಮೇಲೆ ಒತ್ತಿದ್ರೆ ಆಯ್ತು."

ಕ್ಲಾಸ್ ಮಿಸ್ಸು ಅಷ್ಟು ಹೊತ್ತೂ ಜೀರಿಗೆಯನ್ನೇ ನೋಡ್ತಿದ್ದರು. ಅವರಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ನಿಂಗೆ ಗೊತ್ತಿತ್ತಲ್ವಾ ನಾನು ಆಫ್ ಮಾಡಿಲ್ಲ ಅಂತ? ಬಂದು ಹೇಳ್ಬೋದಿತ್ತು. ನಿನ್ನ ಮೆಷಿನ್ನಾದ್ರೂ ಆಫ್ ಮಾಡ್ಕೋಬೋದಿತ್ತು. ದಿನಾ ಕೂತು ನಮ್ಮ ಮಾತು ಕದ್ದು ಕೇಳ್ತಿದ್ಯಾ?"

"ಕದ್ದು ಅಲ್ಲ ಮಿಸ್," ಅಂದಳು ಜೀರಿಗೆ. "ಬಿಡುವಲ್ಲಿ ನನ್ನ ಹತ್ರ ಯಾರೂ ಮಾತಾಡಲ್ಲ. ಊಟ ಒಬ್ಳೇ ಮಾಡ್ತೀನಿ. ಅದು ಆನ್ ಇದ್ರೆ ನೀವಾದ್ರೂ ಮಾತಾಡ್ತಿರ್ತೀರಲ್ಲ ಅಂತ."



"ಯಾವಾಗಿಂದ ಪುಟ್ಟಾ?" ಸೊಸೆ ಕೇಳಿದಳು.

"ಸೇರಿದಾಗಿಂದ."

ದಿನಾ ಸಂಜೆ ನನ್ನ ಪಕ್ಕದಲ್ಲಿ ಕೂತು ಅವಳು ಶಾಲೆ ಸುದ್ದಿ ಹೇಳುತ್ತಿದ್ದಳು. ಯಾರಿಗೋ ಜ್ವರ ಬಂದದ್ದು, ಯಾರೋ ಹೊಸ ಮನೆಗೆ ಹೋದದ್ದು, ಯಾರದೋ ತಮ್ಮನ ಮದುವೆ. ಎಷ್ಟೊಂದು ಜನ ಗೆಳತಿಯರು ನನ್ನ ಮೊಮ್ಮಗಳಿಗೆ ಅಂತ ನಾನು ಬೀಗುತ್ತಿದ್ದೆ. ಅಷ್ಟೂ ಸ್ಟಾಫ್ ರೂಮಿನ ಮಾತು.

ಕ್ಲಾಸ್ ಮಿಸ್ಸು ಕೈ ಚಾಚಿ ಮೇಜಿನ ಮೇಲಿದ್ದ ಮೈಕು ತೆಗೆದುಕೊಂಡರು. ಹೆಡ್ ಮಿಸ್ಸು, "ನಾನು ಈಗಷ್ಟೇ ಏನಂದೆ?" ಅಂದರು.

"ಕೇಳಿಸ್ತು ಮೇಡಂ," ಅಂದು ಅದನ್ನು ಕುತ್ತಿಗೆಗೆ ಹಾಕಿಕೊಂಡು ಸ್ವಿಚ್ ಒತ್ತಿದರು. ದೀಪ ಹತ್ತಿತು. "ಬಾ ಜೀರಿಗೆ, ಕ್ಲಾಸಿಗೆ ಹೊತ್ತಾಯ್ತು."

ಹೆಡ್ ಮಿಸ್ಸು ಕಿಟಕಿ ಕಡೆ ತಿರುಗಿ ಕೂತರು, ತಡೆಯಲಿಲ್ಲ. ಜೀರಿಗೆ ಬ್ಯಾಗು ಹೆಗಲಿಗೇರಿಸಿ ಮಿಸ್ಸಿನ ಹಿಂದೆ ಹೊರಟಳು. ಬಾಗಿಲ ಹತ್ತಿರ ನಿಂತು ಅವರ ತೋಳು ಜಗ್ಗಿದಳು.

"ಊಟದ ಹೊತ್ತಲ್ಲಿ ಆಫ್ ಮಾಡ್ತೀರಾ ಮಿಸ್?"

ಮಿಸ್ಸು ಬಾಗಿಲಿನ ಹಿಡಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಜೀರಿಗೆ ಕತ್ತೆತ್ತಿ ಮಿಸ್ಸಿನ ತುಟಿಯನ್ನೇ ನೋಡ್ತಾ ಉತ್ತರಕ್ಕೆ ಕಾಯುತ್ತಿದ್ದಳು.